ಅಜ್ಜಿಯ ಹಲ್ಲಿನ ಸೆಟ್ ರಾತ್ರಿ ಎಲ್ಲಿರಬೇಕು?

(ಇದು ಆಡಿಯೊ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)

ಬಸ್ಸಲ್ಲಿದ್ದೀರೋ, ಮೆಟ್ರೋದಲ್ಲಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ, ಇವತ್ತಿನ ವಿಷಯ ಕೇಳಿದ ತಕ್ಷಣ ‘ಇದು ನನಗಲ್ಲ’ ಅಂತ ಸ್ಕಿಪ್ ಮಾಡಬೇಡಿ. ವಿಷಯ ಹಲ್ಲಿನ ಸೆಟ್. ಡೆಂಚರ್. ಮನೆಗಳಲ್ಲಿ ‘ಕಟ್ಟಿಸಿದ ಹಲ್ಲು’ ಅಂತೀವಲ್ಲ, ಅದೇ.

22ರ ವಯಸ್ಸಲ್ಲಿ ನನಗ್ಯಾಕಪ್ಪಾ ಇದು ಅಂತ ಕೇಳಬಹುದು. ಕಾರಣ ಇದೆ. ಸೆಟ್ ಹಾಕ್ಕೊಳ್ಳೋರು ಅಜ್ಜ, ಅಜ್ಜಿ, ಕೆಲವು ಮನೆಗಳಲ್ಲಿ ಅಪ್ಪ ಅಮ್ಮ. ಆದರೆ ಕ್ಲಿನಿಕ್‌ಗೆ ಕರ್ಕೊಂಡು ಹೋಗೋರು ನೀವು, ಕ್ಲೀನರ್ ಮಾತ್ರೆ ಆನ್‌ಲೈನಲ್ಲಿ ತರಿಸೋರು ನೀವು, ಡಬ್ಬದ ಮೇಲಿನ ಸಣ್ಣ ಅಕ್ಷರ ಓದಿ ಹೇಳೋರೂ ನೀವೇ. ಹಿರಿಯರು ಈ ವಿಷಯ ತಾವಾಗೇ ಬಾಯಿ ಬಿಟ್ಟು ಹೇಳೋದು ಕಡಿಮೆ. ಮಂಡಿ ನೋವು ಅಂತ ದಿನಕ್ಕೆ ಹತ್ತು ಸಲ ಹೇಳ್ತಾರೆ. ಸೆಟ್ ಚುಚ್ತಿದೆ ಅಂತ ಹೇಳಲ್ಲ. ಸುಮ್ಮನೆ ಚಪಾತಿ ಬಿಟ್ಟು ಗಂಜಿ ಕುಡಿಯೋಕೆ ಶುರು ಮಾಡ್ತಾರೆ. ನಾವು ‘ವಯಸ್ಸಾಯ್ತು, ಊಟ ಕಮ್ಮಿಯಾಯ್ತು’ ಅಂದ್ಕೊಂಡು ಸುಮ್ಮನಾಗ್ತೀವಿ.

ಹಾಗಾಗಿ ಇವತ್ತು ಸೆಟ್ ಅಂದ್ರೆ ಏನು, ದಿನಾ ಹೇಗೆ ನೋಡ್ಕೋಬೇಕು, ರಾತ್ರಿ ಯಾಕೆ ತೆಗೀಬೇಕು, ಇಷ್ಟು ನೋಡೋಣ.

ಸೆಟ್ ನಿಲ್ಲೋದು ಹೇಗೆ?

ಸೆಟ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ದವಡೆಯ ಹಲ್ಲೆಲ್ಲಾ ಹೋಗಿದ್ದರೆ ಪೂರ್ತಿ ಸೆಟ್. ಕೆಲವು ಹಲ್ಲು ಉಳಿದಿದ್ದರೆ ಭಾಗಶಃ ಸೆಟ್, ಅಂದ್ರೆ ಪಾರ್ಷಿಯಲ್. ಪಾರ್ಷಿಯಲ್‌ಗೆ ಪುಟ್ಟ ತಂತಿ ಕೊಕ್ಕೆಗಳಿರುತ್ತೆ, ಅವು ಪಕ್ಕದ ಸ್ವಂತ ಹಲ್ಲನ್ನ ಹಿಡ್ಕೊಳ್ಳುತ್ತೆ. ಎರಡನ್ನೂ ತೆಗೆದು ಹಾಕಬಹುದು. ಇಂಪ್ಲಾಂಟ್, ಬ್ರಿಡ್ಜ್ ಇವೆಲ್ಲ ಬೇರೆ ಲೆಕ್ಕ, ಇವತ್ತು ಆ ಕಡೆ ಹೋಗೋದಿಲ್ಲ.

ಗುಲಾಬಿ ಬಣ್ಣದ ಭಾಗ ಇದೆಯಲ್ಲ, ಅದು ಸಾಮಾನ್ಯವಾಗಿ ಅಕ್ರಿಲಿಕ್, ಒಂಥರಾ ಪ್ಲಾಸ್ಟಿಕ್. 1930ರ ದಶಕದಲ್ಲಿ ಇದು ಹಲ್ಲಿನ ಸೆಟ್‌ಗೆ ಬಂತು. ಅದಕ್ಕೂ ಮೊದಲು ವಲ್ಕನೈಟ್ ಅನ್ನೋ ಗಟ್ಟಿ ರಬ್ಬರ್ ಬಳಸ್ತಿದ್ರು. ಇನ್ನೂ ಹಿಂದೆ ಹೋದರೆ ದಂತದಲ್ಲಿ ಕೆತ್ತಿಸ್ತಿದ್ರು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ಗೆ ಮರದ ಹಲ್ಲಿತ್ತು ಅಂತ ಒಂದು ಕಥೆ ಓಡಾಡುತ್ತೆ, ಅದು ಸುಳ್ಳು. ಅವರ ಸೆಟ್‌ಗಳಲ್ಲಿ ಇದ್ದದ್ದು ದಂತ, ಲೋಹ, ಮನುಷ್ಯರ ಮತ್ತು ಪ್ರಾಣಿಗಳ ಹಲ್ಲು.

ಮೇಲಿನ ಸೆಟ್‌ಗೆ ಅಂಟೂ ಇಲ್ಲ, ಸ್ಕ್ರೂನೂ ಇಲ್ಲ. ಮತ್ತೆ ಬೀಳಲ್ಲ ಯಾಕೆ? ಎರಡು ಗಾಜಿನ ಚೂರಿನ ಮಧ್ಯೆ ಒಂದು ಹನಿ ನೀರು ಹಾಕಿ ಒತ್ತಿ ನೋಡಿ, ಬಿಡಿಸೋಕೆ ಕಷ್ಟ ಆಗುತ್ತೆ. ಮೇಲಿನ ಸೆಟ್ ಅಂಗುಳ ಪೂರ್ತಿ ಮುಚ್ಚುತ್ತೆ, ಮಧ್ಯೆ ಜೊಲ್ಲಿನ ತೆಳು ಪದರ ಇರುತ್ತೆ, ಅಂಚಿನಲ್ಲಿ ಗಾಳಿ ಒಳಗೆ ಹೋಗದ ಹಾಗೆ ಸೀಲ್ ಆಗಿರುತ್ತೆ. ಅಷ್ಟೇ. ಅದಕ್ಕೇ ಬಾಯಿ ಒಣಗಿದರೆ ಸೆಟ್ ಸಡಿಲ ಅನ್ಸುತ್ತೆ. ಬಿಪಿ, ಖಿನ್ನತೆ, ಅಲರ್ಜಿಗೆ ತಗೊಳ್ಳೋ ಕೆಲವು ಮಾತ್ರೆಗಳು ಬಾಯಿ ಒಣಗಿಸುತ್ತೆ. ಅಜ್ಜಿ ‘ಸೆಟ್ ಸರಿಯಿಲ್ಲ’ ಅಂದ್ರೆ ಒಮ್ಮೊಮ್ಮೆ ತಪ್ಪು ಸೆಟ್‌ದಾಗಿರಲ್ಲ.

ಕೆಳಗಿನ ಸೆಟ್ ಪಾಪ, ಅದಕ್ಕೆ ಅಂಗುಳದ ಆಸರೆ ಇಲ್ಲ. ಕುದುರೆ ಲಾಳದ ಆಕಾರ, ಮಧ್ಯೆ ಸದಾ ಆಡೋ ನಾಲಿಗೆ. ಹಾಗಾಗಿ ಕೆಳಗಿನದು ಅಲ್ಲಾಡ್ತಿದೆ ಅನ್ನೋ ದೂರೇ ಜಾಸ್ತಿ. ನಾಲಿಗೆ ಕೆನ್ನೆಗಳು ಅದನ್ನ ಹಿಡಿದಿಟ್ಟುಕೊಳ್ಳೋದನ್ನ ಕಲೀಬೇಕು, ಅದಕ್ಕೆ ವಾರಗಳು ಹಿಡಿಯುತ್ತೆ.

ಸೆಟ್ ಹಾಗೇ ಇರುತ್ತೆ, ಬಾಯಿ ಬದಲಾಗುತ್ತೆ

ಈ ಒಂದು ಮಾತು ನೆನಪಿಟ್ಟುಕೊಳ್ಳಿ. ಹಲ್ಲಿನ ಬೇರು ಇರೋ ತನಕ ದವಡೆ ಮೂಳೆಗೆ ಕೆಲಸ ಇರುತ್ತೆ. ಹಲ್ಲು ಹೋದ ಮೇಲೆ ಆ ಮೂಳೆ ನಿಧಾನವಾಗಿ ಸವೆಯುತ್ತೆ. ಮೊದಲ ವರ್ಷ ಜಾಸ್ತಿ ಸವೆಯುತ್ತೆ, ಆಮೇಲೆ ನಿಧಾನ, ಆದರೆ ನಿಲ್ಲೋದಿಲ್ಲ. ಕೆಳದವಡೆಯಲ್ಲಿ ಇದು ಇನ್ನೂ ಹೆಚ್ಚು.

ಕಾಮರ್ಸ್ ಓದಿದವರಿಗೆ ಡಿಪ್ರಿಸಿಯೇಷನ್ ಗೊತ್ತಲ್ಲ? ಇಲ್ಲಿ ಸವಕಳಿ ಆಗೋದು ಬರೀ ಯಂತ್ರಕ್ಕಲ್ಲ, ಯಂತ್ರ ಕೂತಿರೋ ನೆಲಕ್ಕೂ. ಐದು ವರ್ಷದ ಹಿಂದೆ ಅಳತೆ ತೆಗೆದು ಮಾಡಿದ ಸೆಟ್ ಹೊಸದರ ಹಾಗೇ ಹೊಳೀತಿರಬಹುದು. ಆದರೆ ಅದು ಕೂತಿರೋ ಒಸಡು ಆವತ್ತಿನದಲ್ಲ. ಆಗ ಸೆಟ್ ಅಲ್ಲಾಡುತ್ತೆ, ಉಜ್ಜುತ್ತೆ, ಹುಣ್ಣಾಗುತ್ತೆ. ಇದಕ್ಕೆ ರೀಲೈನಿಂಗ್ ಅಂತ ಮಾಡ್ತಾರೆ, ಅಂದ್ರೆ ಸೆಟ್‌ನ ಒಳಮೈಗೆ ಹೊಸ ಪದರ ಕೊಟ್ಟು ಈಗಿನ ಒಸಡಿಗೆ ಹೊಂದಿಸೋದು. ಸಾಮಾನ್ಯವಾಗಿ 5ರಿಂದ 10 ವರ್ಷದಲ್ಲಿ ಸೆಟ್ಟೇ ಬದಲಾಯಿಸಬೇಕಾಗುತ್ತೆ. ‘ಒಂದು ಸಲ ಕಟ್ಟಿಸಿದ್ರೆ ಜೀವನಪೂರ್ತಿ’ ಅನ್ನೋದು ಆಗದ ಮಾತು.

ಇನ್ನೊಂದು ತಪ್ಪು ತಿಳಿವಳಿಕೆ: ಹಲ್ಲೇ ಇಲ್ಲ, ಇನ್ನು ಡೆಂಟಿಸ್ಟ್ ಯಾಕೆ ಅನ್ನೋದು. ವರ್ಷಕ್ಕೊಮ್ಮೆಯಾದರೂ ಹೋಗಬೇಕು. ಸೆಟ್ ಜೊತೆ ಒಸಡು, ನಾಲಿಗೆ, ಕೆನ್ನೆಯ ಒಳಭಾಗ ಎಲ್ಲ ನೋಡ್ತಾರೆ. ಎಲೆ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸ ಇದ್ದೋರಿಗಂತೂ ಇದು ಬಾಯಿ ಕ್ಯಾನ್ಸರ್ ತಪಾಸಣೆನೂ ಹೌದು.

ಮೊದಲ ತಿಂಗಳು: ಊಟ, ಮಾತು

ಹೊಸ ಸೆಟ್ ಬಂದ ದಿನ ಮನೇಲಿ ಎಲ್ಲರೂ ಸೇರಿ ‘ತಗೋ, ಚಕ್ಕುಲಿ ಕಡಿ ನೋಡೋಣ’ ಅಂತ ಪರೀಕ್ಷೆ ಇಡ್ತಾರೆ. ದಯವಿಟ್ಟು ಬೇಡ. ಪೂರ್ತಿ ಸೆಟ್‌ನ ಕಚ್ಚುವ ಬಲ ಸ್ವಂತ ಹಲ್ಲಿನ ಬಲದ ನಾಲ್ಕನೇ ಒಂದು ಭಾಗದ ಆಸುಪಾಸು ಇರುತ್ತೆ, ಅಷ್ಟೇ. ಆ ಒತ್ತಡವನ್ನೂ ತಡ್ಕೋಬೇಕಾಗಿರೋದು ಮೃದು ಒಸಡು.

ಶುರುವಿಗೆ ಇಡ್ಲಿ, ಮೊಸರನ್ನ, ಪೊಂಗಲ್, ಮೆತ್ತಗೆ ಬೇಯಿಸಿದ ತರಕಾರಿ. ಮುದ್ದೆ ತಿನ್ನೋ ಮನೆಯವರಿಗೆ ಇಲ್ಲೊಂದು ಅನುಕೂಲ, ಮುದ್ದೆನ ಹೇಗೂ ಅಗಿಯಲ್ಲ, ಸಾರಲ್ಲಿ ಅದ್ದಿ ನುಂಗ್ತೀವಿ. ಆದರೆ ಮೂರು ಹೊತ್ತೂ ನುಂಗೋ ಊಟನೇ ಆದ್ರೆ ಬೇಳೆ, ಸೊಪ್ಪು, ಹಣ್ಣು ತಪ್ಪಿಹೋಗುತ್ತೆ. ಆಮೇಲೆ ನಿಧಾನವಾಗಿ ಚಪಾತಿ, ಸಣ್ಣಗೆ ಹೆಚ್ಚಿದ ಸೇಬು. ತುತ್ತು ಚಿಕ್ಕದಿರಲಿ, ಎರಡೂ ಕಡೆ ಸಮವಾಗಿ ಅಗೀಲಿ. ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ಸೆಟ್ ಎದ್ದು ಬರುತ್ತೆ. ಮುಂದಿನ ಹಲ್ಲಲ್ಲಿ ಕಚ್ಚಿ ಎಳೆಯೋದು, ಕಬ್ಬು ಸಿಗಿಯೋದು, ಕೋಡುಬಳೆ ಮುರಿಯೋದು ಬೇಡ.

ಕಾಫಿ ಬಗ್ಗೆ ಎಚ್ಚರ. ಅಂಗುಳ ಮುಚ್ಚಿರೋದರಿಂದ ಬಿಸಿ ಎಷ್ಟು ಅಂತ ಬಾಯಿಗೆ ಬೇಗ ಗೊತ್ತಾಗಲ್ಲ. ಗಂಟಲಿಗೆ ಇಳಿದ ಮೇಲೆ ಸುಡುತ್ತೆ.

ಮಾತು ಕೂಡ ಮೊದಮೊದಲು ತೊದಲುತ್ತೆ. ವ್ಯಾಕರಣ ತರಗತಿ ನೆನಪಿದ್ಯಾ? ತ, ಥ, ದ, ಧ, ನ ಅಕ್ಷರಗಳನ್ನ ದಂತ್ಯ ಅಂತಾರೆ, ನಾಲಿಗೆ ಹಲ್ಲಿಗೆ ತಾಗಿ ಹುಟ್ಟೋ ಸದ್ದು. ಹಲ್ಲು ಒಂದು ಚೂರು ಜಾಗ ಬದಲಿಸಿದ್ರೂ ನಾಲಿಗೆಗೆ ವಿಳಾಸ ತಪ್ಪುತ್ತೆ. ‘ಸ’ ಅಂದ್ರೆ ಸೀಟಿ ಹೊಡೆದ ಹಾಗೆ ಆಗುತ್ತೆ. ಇದಕ್ಕೆ ಸುಲಭದ ಔಷಧಿ, ದಿನಾ ಹತ್ತು ನಿಮಿಷ ಪೇಪರ್ ಗಟ್ಟಿಯಾಗಿ ಓದೋದು. ಎದುರಿಗೆ ಕೂತು ಕೇಳೋರು ಒಬ್ಬರಿದ್ರೆ ಇನ್ನೂ ಒಳ್ಳೇದು. ಕೇಳೋರು ನಗಬಾರದು, ಅದೊಂದೇ ಷರತ್ತು.

ಮೊದಲ ವಾರಗಳಲ್ಲಿ ಅಲ್ಲಲ್ಲಿ ಉಜ್ಜಿ ನೋವಾಗೋದು ಸಾಮಾನ್ಯ. ಅದಕ್ಕೆ ಸೆಟ್ಟನ್ನ ಡಬ್ಬದಲ್ಲಿಟ್ಟು ಮರೆಯೋದು ಪರಿಹಾರ ಅಲ್ಲ. ಮನೇಲೇ ಬ್ಲೇಡು, ಉಪ್ಪುಕಾಗದ ತಗೊಂಡು ತಿಕ್ಕೋದಂತೂ ಅಲ್ಲವೇ ಅಲ್ಲ. ಕ್ಲಿನಿಕ್‌ಗೆ ಹೋದರೆ ಚುಚ್ಚೋ ಜಾಗ ಗುರುತಿಸಿ ಕೆಲವೇ ನಿಮಿಷದಲ್ಲಿ ಸರಿ ಮಾಡಿಕೊಡ್ತಾರೆ. ಹೋಗೋ ದಿನ ಬೆಳಿಗ್ಗೆ ಕೆಲವು ಗಂಟೆ ಸೆಟ್ ಹಾಕ್ಕೊಂಡಿರಿ, ಕೆಂಪಾದ ಜಾಗ ಆಗ ಡಾಕ್ಟರಿಗೆ ಕಾಣುತ್ತೆ.

ದಿನಕ್ಕೆ ಐದು ನಿಮಿಷ

ಈಗ ಕೆಲಸದ ವಿಷಯ. ಈ ಭಾಗವನ್ನ ಬೇಕಾದರೆ ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿ.

1. ಊಟ ಆದ ಮೇಲೆ ಪ್ರತಿ ಸಲ ಸೆಟ್ ತೆಗೆದು ನೀರಲ್ಲಿ ತೊಳೆಯೋದು. ಅಡಿಯಲ್ಲಿ ಸಿಕ್ಕಿದ ಅನ್ನದಗುಳು, ಸಾಸಿವೆ ಹೋಗುತ್ತೆ. ಒಂದು ಸಾಸಿವೆ ಕಾಳು ಸಾಕು ಒಸಡಿಗೆ ಗಾಯ ಮಾಡೋಕೆ.

2. ತೊಳೆಯೋ ಮುಂಚೆ ಸಿಂಕಲ್ಲಿ ಸ್ವಲ್ಪ ನೀರು ತುಂಬಿಸಿ, ಇಲ್ಲಾ ಒಂದು ಟವೆಲ್ ಹಾಸಿ. ಸೆಟ್ ಮುರಿಯೋದು ಅಗಿಯುವಾಗಲೇ ಅಂತೇನಿಲ್ಲ, ಕೈಜಾರಿ ಬಚ್ಚಲ ಕಲ್ಲಿನ ಮೇಲೆ ಬಿದ್ದೂ ಮುರಿಯುತ್ತೆ.

3. ದಿನಕ್ಕೊಮ್ಮೆಯಾದರೂ ಬ್ರಷ್‌ನಿಂದ ಉಜ್ಜಬೇಕು. ಮೆತ್ತನೆ ಬ್ರಷ್ ಬೇಕು, ಸೆಟ್‌ಗೆ ಅಂತಲೇ ಬೇರೆ ಇಟ್ಟರೆ ಒಳ್ಳೇದು. ಸೌಮ್ಯವಾದ ಕೈಸೋಪು ಅಥವಾ ಪಾತ್ರೆ ತೊಳೆಯೋ ದ್ರವ ಒಂದು ಹನಿ ಸಾಕು. ಹೊರಗಡೆ ಮಾತ್ರ ಅಲ್ಲ, ಒಸಡಿಗೆ ತಾಗೋ ಒಳಮೈ ಮುಖ್ಯ. ಪಾರ್ಷಿಯಲ್ ಆದ್ರೆ ಕೊಕ್ಕೆಗಳ ಒಳಗೂ ಉಜ್ಜಿ.

4. ಟೂತ್‌ಪೇಸ್ಟ್ ಬೇಡ. ಆಶ್ಚರ್ಯ ಅನ್ಸಬಹುದು. ಪೇಸ್ಟಲ್ಲಿ ಉಜ್ಜೋ ಕಣಗಳಿರುತ್ತೆ. ನಮ್ಮ ಹಲ್ಲಿನ ಎನಾಮಲ್ ಗಟ್ಟಿ, ಅಕ್ರಿಲಿಕ್ ಮೆದು. ಗೀರು ಬೀಳುತ್ತೆ, ಗೀರಲ್ಲಿ ಕೊಳೆ ಮತ್ತು ಸೂಕ್ಷ್ಮಾಣುಗಳು ಮನೆ ಮಾಡುತ್ತೆ. ಹಲ್ಲುಪುಡಿ, ಇದ್ದಿಲು, ಉಪ್ಪು ಕೂಡ ಬೇಡ.

5. ಸೆಟ್ ಹೊರಗಿದ್ದಾಗ ಬಾಯಿನೂ ತೊಳೀಬೇಕು. ಒಸಡು, ಅಂಗುಳ, ನಾಲಿಗೆಯನ್ನ ಮೆತ್ತನೆ ಬ್ರಷ್ ಅಥವಾ ಒದ್ದೆ ಬಟ್ಟೆಯಿಂದ ಒರೆಸಿ. ಉಳಿದ ಸ್ವಂತ ಹಲ್ಲಿದ್ದರೆ ಅದಕ್ಕೆ ಪೇಸ್ಟ್ ಹಾಕಿ ಎರಡು ಹೊತ್ತು ಉಜ್ಜಬೇಕು, ಅಲ್ಲಿ ರಿಯಾಯಿತಿ ಇಲ್ಲ.

6. ಡೆಂಚರ್ ಕ್ಲೀನರ್ ಮಾತ್ರೆ ಸಿಗುತ್ತೆ, ನೀರಿಗೆ ಹಾಕಿದರೆ ಗುಳ್ಳೆ ಬರುತ್ತೆ. ಒಳ್ಳೇದೇ. ಆದರೆ ಅದು ಬ್ರಷ್‌ಗೆ ಬದಲಿ ಅಲ್ಲ, ಜೊತೆಗಾರ. ನೆನೆಸಿದ ಮೇಲೆ ಚೆನ್ನಾಗಿ ತೊಳೆದೇ ಬಾಯಿಗೆ ಹಾಕ್ಕೋಬೇಕು. ಮರೆವು ಇರೋ ಹಿರಿಯರ ಕೈಗೆ ಆ ಮಾತ್ರೆ ಪಟ್ಟಿ ಸಿಗದ ಹಾಗೆ ಇಡಿ. ನುಂಗೋ ಮಾತ್ರೆ ಅಂದ್ಕೊಂಡು ಬಾಯಿಗೆ ಹಾಕ್ಕೊಂಡರೆ ಅಪಾಯ.

ಮಾಡಬಾರದ್ದು ಏನು? ಕುದಿಯೋ ನೀರು ಬೇಡ. ಅಕ್ರಿಲಿಕ್ ಸೊಟ್ಟಗಾದರೆ ಮತ್ತೆ ಕೂರಲ್ಲ. ಬಟ್ಟೆಯ ಬ್ಲೀಚಲ್ಲಿ ರಾತ್ರಿಯೆಲ್ಲಾ ನೆನೆಸೋದು ಬೇಡ, ಬಣ್ಣ ಹೋಗುತ್ತೆ, ಲೋಹದ ಕೊಕ್ಕೆ ಹಾಳಾಗುತ್ತೆ. ಎಲೆ ಅಡಿಕೆ ಸುಣ್ಣದ ಕರೆ ಗಟ್ಟಿಯಾಗಿ ಕೂತಿದ್ದರೆ ಪಿನ್ನು, ಚಾಕು ಹಾಕಿ ಕೆರೆಯಬೇಡಿ. ಕ್ಲಿನಿಕ್‌ನಲ್ಲಿ ಅಲ್ಟ್ರಾಸೋನಿಕ್ ಯಂತ್ರದಲ್ಲಿ ತೆಗೀತಾರೆ. ಮುರಿದರೆ ಎರಡೂ ಚೂರು ಡಬ್ಬದಲ್ಲಿಟ್ಟು ಕ್ಲಿನಿಕ್‌ಗೆ ತಗೊಂಡು ಹೋಗಿ. ಅಂಗಡಿಯ ಸೂಪರ್ ಗ್ಲೂ ಹಾಕಬೇಡಿ. ಅದು ಬಾಯಿಗೆ ಹಾಕೋ ವಸ್ತು ಅಲ್ಲ, ಜೊತೆಗೆ ಒಂದು ಕೂದಲೆಳೆ ಆಚೆ ಈಚೆ ಅಂಟಿದರೂ ಆಮೇಲೆ ಸರಿಯಾಗಿ ರಿಪೇರಿ ಮಾಡೋಕೆ ಆಗಲ್ಲ.

ಡೆಂಚರ್ ಕ್ರೀಮ್, ಅಂದ್ರೆ ಅಂಟಿಸೋ ಪೇಸ್ಟ್, ಬಗ್ಗೆನೂ ಒಂದು ಮಾತು. ಕಡಲೆಕಾಳಿಗಿಂತ ಚಿಕ್ಕ ಮೂರು ನಾಲ್ಕು ಚುಕ್ಕೆ ಸಾಕು. ದಿನೇದಿನೇ ಜಾಸ್ತಿ ಜಾಸ್ತಿ ಬೇಕಾಗ್ತಿದೆ ಅಂದ್ರೆ ಸೆಟ್ ಹೊಂದ್ತಿಲ್ಲ ಅಂತ ಅರ್ಥ. ಸತು ಇರೋ ಕ್ರೀಮನ್ನ ವರ್ಷಗಟ್ಟಲೆ ವಿಪರೀತ ಬಳಸಿದವರಿಗೆ ದೇಹದಲ್ಲಿ ತಾಮ್ರದ ಅಂಶ ಕಡಿಮೆಯಾಗಿ ನರಗಳ ತೊಂದರೆ ಆದದ್ದು ವರದಿಯಾಗಿದೆ. ಡಬ್ಬ ಓದಿ, ಸತು ಇಲ್ಲದ್ದನ್ನೇ ತಗೊಳ್ಳಿ.

ರಾತ್ರಿ ಯಾಕೆ ತೆಗೀಬೇಕು?

ಶೀರ್ಷಿಕೆಯ ಪ್ರಶ್ನೆಗೆ ಬಂದ್ವಿ. ಉತ್ತರ: ನೀರಿರೋ ಡಬ್ಬದಲ್ಲಿ. ಬಾಯಲ್ಲಿ ಅಲ್ಲ.

ದಿನವೆಲ್ಲಾ ಒತ್ತಿಸಿಕೊಂಡ ಒಸಡಿಗೆ ಬಿಡುವು ಬೇಕು. ಮಲಗಿದಾಗ ಜೊಲ್ಲು ಕಡಿಮೆಯಾಗುತ್ತೆ, ಜೊಲ್ಲು ಬಾಯನ್ನ ತೊಳೆಯೋ ನೀರು ಇದ್ದ ಹಾಗೆ. ಅದಿಲ್ಲದಾಗ ಸೆಟ್‌ನ ಅಡಿಯಲ್ಲಿ ಕ್ಯಾಂಡಿಡಾ ಅನ್ನೋ ಶಿಲೀಂಧ್ರ ಚೆನ್ನಾಗಿ ಬೆಳೆಯುತ್ತೆ. ಅಂಗುಳ ಸೆಟ್‌ನ ಆಕಾರದಲ್ಲೇ ಕೆಂಪಾಗುತ್ತೆ. ಇದಕ್ಕೆ ಡೆಂಚರ್ ಸ್ಟೊಮಟೈಟಿಸ್ ಅಂತಾರೆ. ಬಹಳ ಜನಕ್ಕೆ ನೋವೇ ಇರಲ್ಲ, ಹಾಗಾಗಿ ಗೊತ್ತೇ ಆಗಲ್ಲ. ಸಕ್ಕರೆ ಕಾಯಿಲೆ ಇದ್ದೋರಿಗೆ, ಬಾಯಿ ಒಣಗೋರಿಗೆ, ಸ್ಟೆರಾಯ್ಡ್ ಇನ್‌ಹೇಲರ್ ಬಳಸೋರಿಗೆ ಇದು ಇನ್ನೂ ಸುಲಭವಾಗಿ ಬರುತ್ತೆ.

ಬಾಯಲ್ಲಿ ಬೆಳೆದದ್ದು ಬಾಯಲ್ಲೇ ನಿಲ್ಲಲ್ಲ. 2015ರಲ್ಲಿ ಜಪಾನಿನ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದ್ರು. ಟೋಕಿಯೊದ 524 ಹಿರಿಯರು, ಎಲ್ಲರೂ 85 ದಾಟಿದವರು. ಸುಮಾರು ಮೂರು ವರ್ಷ ಅವರನ್ನ ಗಮನಿಸಿದಾಗ, ಸೆಟ್ ಹಾಕ್ಕೊಂಡೇ ಮಲಗೋರಿಗೆ ನ್ಯುಮೋನಿಯಾ ಬರೋ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು ಇತ್ತು. ಒಂದು ಅಧ್ಯಯನದಿಂದ ಸೆಟ್ಟೇ ಕಾರಣ ಅಂತ ತೀರ್ಪು ಕೊಡೋಕಾಗಲ್ಲ. ಆದರೆ ದಾರಿ ಊಹಿಸೋದು ಕಷ್ಟ ಅಲ್ಲ: ವಯಸ್ಸಾದವರು ನಿದ್ದೆಯಲ್ಲಿ ಜೊಲ್ಲನ್ನ ಗೊತ್ತಿಲ್ಲದೆ ಶ್ವಾಸಕೋಶದ ಕಡೆ ಎಳ್ಕೊಳ್ಳೋದುಂಟು, ಜೊಲ್ಲಿನ ಜೊತೆ ಸೂಕ್ಷ್ಮಾಣುಗಳೂ ಹೋಗುತ್ತೆ. ತೆಗೆದಿಡೋಕೆ ಖರ್ಚು ಸೊನ್ನೆ.

ಪಾರ್ಷಿಯಲ್ ಸೆಟ್‌ಗೆ ಇನ್ನೊಂದು ಅಪಾಯ. ಎರಡು ಮೂರು ಹಲ್ಲಿನ ಚಿಕ್ಕ ಸೆಟ್ ನಿದ್ದೆಯಲ್ಲಿ ಕಳಚಿ ಗಂಟಲಿಗೆ ಹೋಗಬಹುದು. ಅಕ್ರಿಲಿಕ್ ಸಾಮಾನ್ಯ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣೋದೂ ಇಲ್ಲ. ಆಪರೇಷನ್‌ಗೆ ಹೋಗುವಾಗ, ಪ್ರಜ್ಞೆ ತಪ್ಪಿದವರನ್ನ ಆಸ್ಪತ್ರೆಗೆ ಸೇರಿಸುವಾಗ ‘ಇವರಿಗೆ ಸೆಟ್ ಇದೆ’ ಅಂತ ಮೊದಲೇ ಹೇಳಿ.

ತೆಗೆದ ಸೆಟ್ಟನ್ನ ಒಣಗೋಕೆ ಬಿಡಬಾರದು, ಮುಚ್ಚಳ ಇರೋ ಡಬ್ಬದಲ್ಲಿ ತಣ್ಣೀರಲ್ಲಿ ಮುಳುಗಿಸಿಡಿ. ನೀರು ದಿನಾ ಬದಲಿಸಿ, ಡಬ್ಬನೂ ತೊಳೀರಿ. ಟಿಶ್ಯೂ ಪೇಪರಲ್ಲಿ ಸುತ್ತಿಡಬೇಡಿ, ಬೆಳಿಗ್ಗೆ ಕಸದ ಜೊತೆ ಹೋಗಿರುತ್ತೆ. ಒಂದು ವಿನಾಯಿತಿ ಇದೆ. ಹಲ್ಲು ಕಿತ್ತ ದಿನವೇ ಸೆಟ್ ಕೂರಿಸಿದ್ದರೆ ಮೊದಲ ದಿನ ತೆಗೀಬೇಡಿ ಅಂತ ಡಾಕ್ಟರ್ ಹೇಳಬಹುದು. ಆಗ ಅವರ ಮಾತೇ ಕೇಳಿ.

ಇಷ್ಟೆಲ್ಲ ಗೊತ್ತಿದ್ರೂ ಎಷ್ಟೋ ಜನ ರಾತ್ರಿ ತೆಗೆಯಲ್ಲ. ಯಾಕೆ? ನಾಚಿಕೆ. ಬೊಚ್ಚುಬಾಯಿ ಗಂಡನಿಗೆ, ಹೆಂಡತಿಗೆ, ಮೊಮ್ಮಕ್ಕಳಿಗೆ ಕಾಣಬಾರದು ಅಂತ. ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗೋ ಮನೆಯಲ್ಲಿ, ನೆಂಟರು ಬಂದಾಗ, ಮದುವೆ ಛತ್ರದಲ್ಲಿ, ಅವರಿಗೆ ಮರೆ ಎಲ್ಲಿದೆ? ಬೊಚ್ಚುಬಾಯಿ ಅಂತ ರೇಗಿಸೋದು, ಸೆಟ್ ಇಟ್ಟ ಲೋಟ ನೋಡಿ ‘ಇಶ್ಶೀ’ ಅನ್ನೋದು, ಅದನ್ನ ರೀಲ್ ಮಾಡೋದು, ನಮಗೆ ತಮಾಷೆ. ಆ ರಾತ್ರಿಯಿಂದ ಅವರು ಸೆಟ್ ತೆಗೆಯೋದೇ ನಿಲ್ಲಿಸ್ತಾರೆ. ಈ ಒಂದು ಕಾಯಿಲೆಗೆ ಡಾಕ್ಟರ್ ಹತ್ರ ಮದ್ದಿಲ್ಲ, ನಮ್ಮ ಹತ್ರ ಇದೆ. ಬಚ್ಚಲಲ್ಲಿ ಅವರದ್ದೇ ಒಂದು ಶೆಲ್ಫು, ಒಂದು ಮುಚ್ಚಳದ ಡಬ್ಬ, ಯಾರೂ ಇಣುಕದ ಐದು ನಿಮಿಷ. ಅಷ್ಟೇ ಬೇಕಾಗಿರೋದು.

ಯಾವಾಗ ಕ್ಲಿನಿಕ್‌ಗೆ ಓಡಬೇಕು?

ಅಂಗುಳ ಕೆಂಪಾಗಿದ್ದರೆ. ತುಟಿಯ ಮೂಲೆ ಒಡೆದು ಪದೇಪದೇ ಹುಣ್ಣಾಗ್ತಿದ್ದರೆ. ಸೆಟ್ ದಿಢೀರಂತ ಸಡಿಲ ಆದರೆ. ಅಗಿಯುವಾಗ ಟಕ್ ಟಕ್ ಸದ್ದು ಬಂದರೆ. ತೂಕ ಇಳೀತಿದ್ದರೆ. ಎಲ್ಲಕ್ಕಿಂತ ಮುಖ್ಯ, ಬಾಯಲ್ಲಿ ಯಾವುದೇ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಎರಡು ವಾರ ಆದರೂ ಮಾಯದಿದ್ದರೆ ‘ಸೆಟ್ ಉಜ್ಜಿರಬೇಕು’ ಅಂತ ಕಾಯಬೇಡಿ.

ಖರ್ಚಿನ ಚಿಂತೆ ಇದ್ದರೆ, ಕರ್ನಾಟಕದಲ್ಲಿ 40ಕ್ಕೂ ಹೆಚ್ಚು ಡೆಂಟಲ್ ಕಾಲೇಜುಗಳಿವೆ. ಅಲ್ಲಿನ ಪ್ರೊಸ್ತೊಡಾಂಟಿಕ್ಸ್ ವಿಭಾಗದಲ್ಲಿ ಸಾಮಾನ್ಯವಾಗಿ ಹೊರಗಿಗಿಂತ ಕಡಿಮೆ ದರದಲ್ಲಿ ಸೆಟ್ ಮಾಡಿಕೊಡ್ತಾರೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಸೆಟ್ ಕೊಡೋಕೆ ರಾಜ್ಯ ಸರ್ಕಾರ ದಂತ ಭಾಗ್ಯ ಯೋಜನೆ ತಂದಿತ್ತು. ಈಗಿನ ನಿಯಮ, ವಯಸ್ಸಿನ ಮಿತಿ ಏನು ಅಂತ ಕಾರ್ಡ್ ಹಿಡ್ಕೊಂಡು ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ. ಪೂರ್ತಿ ಸೆಟ್ ಆಗೋಕೆ ನಾಲ್ಕೈದು ಸಲ ಓಡಾಟ ಇರುತ್ತೆ: ಎರಡು ಸಲ ಅಳತೆ, ಕಚ್ಚುವ ಹೊಂದಾಣಿಕೆ, ಮೇಣದ ಮೇಲೆ ಹಲ್ಲು ಜೋಡಿಸಿ ನೋಡೋದು, ಕೊನೆಗೆ ಸೆಟ್. ‘ಒಂದೇ ದಿನದಲ್ಲಿ ತೆಗೆಯೋಕಾಗದ ಹಾಗೆ ಫಿಕ್ಸ್ ಮಾಡ್ತೀವಿ’ ಅಂತ ಪಕ್ಕದ ಒಳ್ಳೆ ಹಲ್ಲಿಗೇ ಅಕ್ರಿಲಿಕ್ ಅಂಟಿಸಿ ಕಳಿಸೋ ಡಿಗ್ರಿ ಇಲ್ಲದವರ ಹತ್ರ ಹೋಗಬೇಡಿ. ಅದನ್ನ ತೊಳೆಯೋಕೂ ಆಗಲ್ಲ, ಇದ್ದ ಹಲ್ಲೂ ಹೋಗುತ್ತೆ.

ಈ ಭಾನುವಾರ ಒಂದು ಕೆಲಸ ಮಾಡಿ. ಮನೇಲಿ ಸೆಟ್ ಇರೋರನ್ನ ಪಕ್ಕಕ್ಕೆ ಕರೆದು ಮೂರು ಪ್ರಶ್ನೆ ಕೇಳಿ: ಎಲ್ಲಾದ್ರೂ ಚುಚ್ಚುತ್ತಾ? ರಾತ್ರಿ ತೆಗೀತೀರಾ? ಡಾಕ್ಟರಿಗೆ ತೋರಿಸಿ ಎಷ್ಟು ದಿನ ಆಯ್ತು? ಎಲ್ಲರ ಮುಂದೆ ಬೇಡ, ಮೆಲ್ಲಗೆ ಕೇಳಿ. ‘ಏನಿಲ್ಲ, ಚೆನ್ನಾಗಿದೆ’ ಅಂತಾನೇ ಮೊದಲ ಉತ್ತರ ಬರುತ್ತೆ. ಸ್ವಲ್ಪ ಹೊತ್ತು ಅಲ್ಲೇ ಕೂತಿರಿ, ಎರಡನೇ ಉತ್ತರ ಬರುತ್ತೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿವರೆಗೂ ನಿಮ್ಮ ಹಲ್ಲನ್ನೂ ಸ್ವಲ್ಪ ನೋಡ್ಕೊಳ್ಳಿ.